ಆ ಹಳೇ ಗಿಟಾರ್‌ನ ಪಿಕಪ್ ಮಾತ್ರ ಬದಲಾಯಿಸಬೇಡಿ

ಪ್ರಶ್ನೆ: ಪರಿಚಯದವರೊಬ್ಬರು 1960ರ ದಶಕದ ಒಂದು ಜಪಾನಿ ಎಲೆಕ್ಟ್ರಿಕ್ ಗಿಟಾರ್ ಮಾರುತ್ತೇನೆ ಅಂದಿದ್ದಾರೆ. ಅದರ ತಲೆಯ ಮೇಲೆ 'ಟೀಸ್ಕೋ ಡೆಲ್ ರೇ' ಎಂದು ಬರೆದಿದೆ. ಎರಡು ಪಿಕಪ್ (ತಂತಿಯ ನಡುಕವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇವೆ, ಅವುಗಳ ಮುಚ್ಚಳದೊಳಗೆ ಚಿನ್ನದ ಬಣ್ಣದ ಹಾಳೆ ಕಾಣುತ್ತದೆ. ನುಡಿಸಿ ನೋಡಿದೆ. ಅಂಥ ನಾದ ನನ್ನ ಈಗಿನ ಗಿಟಾರ್‌ನಲ್ಲಿ ಎಷ್ಟು ಪ್ರಯತ್ನಿಸಿದರೂ ಬರುವುದಿಲ್ಲ. ಆದರೆ ಮೂರು ತೊಂದರೆಗಳಿವೆ. ಮೂರನೇ ತಂತಿ ಮೇಲಿನ ಫ್ರೆಟ್‌ಗಳಿಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ) ಹೋದಂತೆ ಶ್ರುತಿ ತಪ್ಪುತ್ತದೆ. ಆಂಪ್ ಜೋರು ಮಾಡಿದರೆ ಕಿರುಚುತ್ತದೆ. ತಂತಿಗಳು ತುಂಬಾ ಎತ್ತರದಲ್ಲಿವೆ. ಗೆಳೆಯರು 'ಇದು ಕಸ, ತಗೊಂಡರೂ ಮೊದಲು ಪಿಕಪ್ ಬದಲಾಯಿಸು' ಅನ್ನುತ್ತಾರೆ. ಇಂಥ ಗಿಟಾರ್‌ಗಳನ್ನು ಜನ ಯಾಕೆ ಹುಡುಕಿಕೊಂಡು ಹೋಗುತ್ತಾರೆ? ನಾನು ತಗೊಳ್ಳಬಹುದಾ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಹೇಳುತ್ತೇನೆ. ಆ ಗಿಟಾರ್‌ನಲ್ಲಿ ಬೇಕಾದ್ದನ್ನೆಲ್ಲ ಬದಲಾಯಿಸಿ, ಪಿಕಪ್ ಮಾತ್ರ ಮುಟ್ಟಬೇಡಿ. ನಿಮಗೆ ಇಷ್ಟವಾದ ಆ ನಾದ ಬಂದಿರುವುದೇ ಅಲ್ಲಿಂದ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದಕ್ಕೆ ಹೊಸ ತಂತಿ ಹಾಕಿದರೆ ಸಾಕು. ಇನ್ನೊಂದನ್ನು ಸ್ವಲ್ಪ ಸಹಿಸಿಕೊಳ್ಳಬೇಕು. ಮೂರನೆಯದು ಸುಲಭವೂ ಆಗಬಹುದು, ಗಿಟಾರ್ ಬಿಟ್ಟು ಬರಲು ಕಾರಣವೂ ಆಗಬಹುದು. ಅದು ನೆಕ್, ಅಂದರೆ ಗಿಟಾರ್‌ನ ಉದ್ದನೆ ಕತ್ತು, ಹೇಗಿದೆ ಅನ್ನುವುದರ ಮೇಲೆ ನಿಂತಿದೆ.

ಮೊದಲು 'ಜನ ಯಾಕೆ ಹುಡುಕುತ್ತಾರೆ' ಅನ್ನುವುದಕ್ಕೆ ಬರೋಣ. ಅದು ಗೊತ್ತಾದರೆ ಯಾವುದನ್ನು ರಿಪೇರಿ ಮಾಡಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಇವತ್ತು ಯಾವುದೇ ಅಂಗಡಿಯಲ್ಲಿ ನಿಂತು ನೋಡಿ. ಬಹುಪಾಲು ಗಿಟಾರ್‌ಗಳು ನಾಲ್ಕೈದು ಮೂಲ ಮಾದರಿಗಳ ಮಕ್ಕಳು, ಮೊಮ್ಮಕ್ಕಳು. ಫೆಂಡರ್ ಕಂಪನಿಯ ಟೆಲಿಕ್ಯಾಸ್ಟರ್, ಸ್ಟ್ರಾಟೊಕ್ಯಾಸ್ಟರ್. ಗಿಬ್ಸನ್‌ನ ಲೆಸ್ ಪಾಲ್, ಎಸ್‌ಜಿ. ಹೆಸರು ಬೇರೆ ಇರಬಹುದು, ಬಣ್ಣ ಬೇರೆ ಇರಬಹುದು. ಒಳಗಿನ ಯೋಚನೆ ಅದೇ. 1950 ಮತ್ತು 60ರ ದಶಕಗಳಲ್ಲಿ ಹಾಗಿರಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಅಂದರೆ ಹೀಗೇ ಇರಬೇಕು ಎಂದು ಯಾರೂ ಇನ್ನೂ ತೀರ್ಮಾನ ಮಾಡಿರಲಿಲ್ಲ. ರೇಡಿಯೊ, ಆಂಪ್ ಮಾಡುತ್ತಿದ್ದವರು, ಅಕಾರ್ಡಿಯನ್ ಮಾಡುತ್ತಿದ್ದವರು, ಹವಾಯಿಯನ್ ಸ್ಟೀಲ್ ಗಿಟಾರ್ ಮಾಡುತ್ತಿದ್ದವರು ಎಲ್ಲರೂ ಈ ಕೆಲಸಕ್ಕೆ ಇಳಿದರು. ತಮ್ಮ ಕೈಯಲ್ಲಿದ್ದ ಸಾಮಗ್ರಿಯಿಂದ, ತಮಗೆ ಗೊತ್ತಿದ್ದ ವಿದ್ಯೆಯಿಂದ ಗಿಟಾರ್ ಮಾಡಿದರು. 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಟಿವಿಯಲ್ಲಿ ಎಡ್ ಸಲಿವನ್ ಅವರ ಕಾರ್ಯಕ್ರಮದಲ್ಲಿ ನುಡಿಸಿದ ಮೇಲಂತೂ ಬೇಡಿಕೆ ವಿಪರೀತ ಏರಿತು. ಹುಡುಗರಿಗೆಲ್ಲ ಗಿಟಾರ್ ಬೇಕಾಯಿತು. ಎಲ್ಲರ ಮನೆಯವರೂ ಫೆಂಡರ್ ಕೊಡಿಸುವಷ್ಟು ಅನುಕೂಲಸ್ಥರಲ್ಲ. ಆ ಜಾಗ ತುಂಬಿದ್ದು ಈ ಅಗ್ಗದ, ವಿಚಿತ್ರ ಗಿಟಾರ್‌ಗಳು.

ನನ್ನ ಪ್ರಕಾರ ಇವುಗಳಲ್ಲಿ ಎಲ್ಲಕ್ಕಿಂತ ಜಾಣತನದ ಕೆಲಸ ಡ್ಯಾನ್‌ಇಲೆಕ್ಟ್ರೋ ಕಂಪನಿಯದು. ನೇಥನ್ ಡ್ಯಾನಿಯಲ್ ಎಂಬುವರು 1947ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಇದನ್ನು ಶುರು ಮಾಡಿದರು. ಮೊದಲು ಮಾಡುತ್ತಿದ್ದದ್ದು ಆಂಪ್. 1954ರಿಂದ ಗಿಟಾರ್. ಸಿಯರ್ಸ್ ಎಂಬ ದೊಡ್ಡ ಮಾರಾಟ ಕಂಪನಿ ಇವರ ಗಿಟಾರ್‌ಗಳನ್ನು 'ಸಿಲ್ವರ್‌ಟೋನ್' ಎಂಬ ಹೆಸರಲ್ಲಿ ಕ್ಯಾಟಲಾಗ್ ಮೂಲಕ ಮಾರುತ್ತಿತ್ತು. ಬೆಲೆ ಕಡಿಮೆ ಇರಲೇಬೇಕು. ಹಾಗಾಗಿ ಡ್ಯಾನಿಯಲ್ ಒಂದೊಂದು ಭಾಗವನ್ನೂ ಹೊಸದಾಗಿ ಯೋಚಿಸಿದರು. ಗಿಟಾರ್‌ನ ಬಾಡಿ ಮಾಡಲು ಇಡೀ ಮರದ ದಿಮ್ಮಿ ಬೇಡ, ಅಗ್ಗದ ಮರದ ಒಂದು ಚೌಕಟ್ಟು ಸಾಕು. ಅದರ ಮುಂದೆ ಹಿಂದೆ ಮೇಸನೈಟ್ ಹಲಗೆ. ಮೇಸನೈಟ್ ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡ್. ಅಂಚು ಕಾಣದಂತೆ ಸುತ್ತಲೂ ವಿನೈಲ್ ಪಟ್ಟಿ. ನಟ್, ಅಂದರೆ ತಲೆಯ ಕಡೆ ತಂತಿಗಳು ಕೂರುವ ಪಟ್ಟಿ, ಅಲ್ಯೂಮಿನಿಯಂದು. ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್ ಅಂದರೆ ಒಂದು ಲೋಹದ ತಗಡು, ಅದರ ಮೇಲೆ ರೋಸ್‌ವುಡ್‌ನ ಒಂದು ಸಣ್ಣ ತುಂಡು. ಪಿಕಪ್‌ಗೆ ಕವಚ ಬೇಕಲ್ಲ, ಅದಕ್ಕೆ ಲಿಪ್‌ಸ್ಟಿಕ್ ಡಬ್ಬಿಯ ಲೋಹದ ಕೊಳವೆಗಳನ್ನೇ ತಂದರು. ಉದ್ದನೆಯ ಒಂದು ಅಯಸ್ಕಾಂತ, ಅದರ ಸುತ್ತ ತಾಮ್ರದ ಎಳೆ, ಇಡೀ ಅದನ್ನು ಕೊಳವೆಯೊಳಗೆ ತೂರಿಸಿದರೆ ಪಿಕಪ್ ತಯಾರು. ಇವತ್ತಿಗೂ ಅದಕ್ಕೆ ಲಿಪ್‌ಸ್ಟಿಕ್ ಪಿಕಪ್ ಎಂದೇ ಹೆಸರು.

ಇದನ್ನೆಲ್ಲ ಕೇಳಿದರೆ ದುಡ್ಡು ಉಳಿಸುವ ಕಥೆ ಅನಿಸುತ್ತದೆ. ಹೌದು, ಅದೇ ಕಥೆ. ಆದರೆ ನಾದದ ಕಥೆಯೂ ಅದೇ. ಲಿಪ್‌ಸ್ಟಿಕ್ ಪಿಕಪ್‌ನ ಧ್ವನಿ ಕ್ಷೀಣ, ಆದರೆ ತಿಳಿಯಾಗಿ, ಗಂಟೆಯ ಹಾಗೆ ಮೊಳಗುತ್ತದೆ. ಇದರ ಜೊತೆಗೆ ಡ್ಯಾನಿಯಲ್ ಇನ್ನೊಂದು ಕೆಲಸ ಮಾಡಿದರು. ಮಾಮೂಲಿ ಗಿಟಾರ್‌ನಲ್ಲಿ ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಅವು ಪ್ಯಾರಲಲ್ ಆಗಿ, ಅಂದರೆ ಅಕ್ಕಪಕ್ಕ ಸೇರುತ್ತವೆ. ಧ್ವನಿ ಸ್ವಲ್ಪ ತೆಳ್ಳಗಾಗುತ್ತದೆ. ಡ್ಯಾನ್‌ಇಲೆಕ್ಟ್ರೋದಲ್ಲಿ ಅವು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಸೇರುತ್ತವೆ. ಸ್ವಿಚ್ ಮಧ್ಯಕ್ಕೆ ತಂದ ಕೂಡಲೇ ಧ್ವನಿ ಜೋರಾಗುತ್ತದೆ, ದಪ್ಪವಾಗುತ್ತದೆ. ಪೆಡಲ್ ಇಲ್ಲದೆ ಒಂದು ಹಂತ ಮೇಲೇರಿದ ಹಾಗೆ. ಲೆಡ್ ಝೆಪೆಲಿನ್‌ನ ಜಿಮ್ಮಿ ಪೇಜ್ ಬೇಕಾದಷ್ಟು ದುಬಾರಿ ಗಿಟಾರ್‌ಗಳನ್ನು ಇಟ್ಟುಕೊಂಡವರು. ಅವರೂ ವೇದಿಕೆಗೆ ಡ್ಯಾನ್‌ಇಲೆಕ್ಟ್ರೋ ತೆಗೆದುಕೊಂಡು ಹೋಗುತ್ತಿದ್ದರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಒಳ್ಳೇ ಎಲೆಕ್ಟ್ರಿಕ್ ಗಿಟಾರ್‌ಗೆ ಇಂಥದ್ದೇ ಮರ ಬೇಕು, ಇಷ್ಟೇ ವರ್ಷ ಒಣಗಿರಬೇಕು ಎಂದು ವಾದ ಮಾಡುವವರು ತುಂಬಾ ಜನ ಇದ್ದಾರೆ. ಅವರಿಗೆ ಒಂದು ಒಳ್ಳೇ ಸ್ಥಿತಿಯಲ್ಲಿರುವ ಡ್ಯಾನ್‌ಇಲೆಕ್ಟ್ರೋ ಕೈಗೆ ಕೊಡಿ. ಹಾರ್ಡ್‌ಬೋರ್ಡ್ ಹಲಗೆ ಅಷ್ಟು ಚೆನ್ನಾಗಿ ಹಾಡುತ್ತದೆ ಅಂದಮೇಲೆ ಮರದ ಬಗ್ಗೆ ಇಷ್ಟೊಂದು ಹಟ ಬೇಕಿಲ್ಲ ಅಂತ ನನ್ನ ನಂಬಿಕೆ.

ಕಂಪನಿ 1966ರಲ್ಲಿ ಎಂಸಿಎ ಎಂಬ ದೊಡ್ಡ ಸಂಸ್ಥೆಯ ಕೈಗೆ ಹೋಯಿತು, 1969ಕ್ಕೆ ಮುಚ್ಚಿತು. ಮುಚ್ಚುವ ಮುಂಚೆ, 1967ರಲ್ಲಿ, ಕೋರಲ್ ಎಂಬ ಹೆಸರಲ್ಲಿ ಎಲೆಕ್ಟ್ರಿಕ್ ಸಿತಾರ್ ಅನ್ನೂ ತಂದರು. ವಿನ್ಸೆಂಟ್ ಬೆಲ್ ಎಂಬ ಗಿಟಾರ್ ವಾದಕರ ಜೊತೆ ಸೇರಿ ಮಾಡಿದ್ದು. ಆರು ತಂತಿ ಗಿಟಾರ್‌ನಂತೆಯೇ, ಪಕ್ಕದಲ್ಲಿ ತಾನಾಗಿ ಅನುರಣಿಸಲು 13 ತಂತಿ. ಬ್ರಿಡ್ಜ್ ಅಗಲವಾಗಿ, ತಂತಿ ಅದರ ಮೇಲೆ ಸವರಿಕೊಂಡು ಝೇಂಕರಿಸುವಂತೆ ಇತ್ತು. ನಿಜವಾದ ಸಿತಾರ್ ಕೇಳಿ ಬೆಳೆದ ಕಿವಿಗೆ ಅದು ಸಿತಾರ್ ಅನಿಸುವುದಿಲ್ಲ. ಆದರೆ ಅದು ತನ್ನದೇ ಆದ ಒಂದು ವಾದ್ಯ, ಆ ದೃಷ್ಟಿಯಿಂದ ಕೇಳಿದರೆ ಚೆನ್ನಾಗಿದೆ.

ಇನ್ನೊಂದು ದಾರಿ ಹಿಡಿದದ್ದು ಶಿಕಾಗೊದ ವ್ಯಾಲ್ಕೋ. ಸೂಪ್ರೋ, ನ್ಯಾಷನಲ್, ಏರ್‌ಲೈನ್ ಎಂಬ ಹೆಸರುಗಳಲ್ಲಿ ಬಂದ ಗಿಟಾರ್‌ಗಳು ಇವರವು. ಏರ್‌ಲೈನ್ ಅನ್ನು ಮಾಂಟ್‌ಗಮರಿ ವಾರ್ಡ್ ಎಂಬ ಕ್ಯಾಟಲಾಗ್ ಕಂಪನಿ ಮಾರುತ್ತಿತ್ತು. 1960ರ ದಶಕದ ಆರಂಭದಲ್ಲಿ ವ್ಯಾಲ್ಕೋ ಮರವನ್ನೇ ಬಿಟ್ಟು ಫೈಬರ್‌ಗ್ಲಾಸ್‌ನಲ್ಲಿ ಬಾಡಿ ಮಾಡಲು ಶುರು ಮಾಡಿತು. ಎರಡು ಚಿಪ್ಪುಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು, ಮಧ್ಯೆ ಒಂದು ಮೆತ್ತನೆ ಪಟ್ಟಿ ಇಟ್ಟು ಜೋಡಿಸುವುದು. ಒಳಗೆ ಬಹುಪಾಲು ಟೊಳ್ಳು. ಆಕಾರವಂತೂ ಚೂಪು ಚೂಪು ಕೋನಗಳದ್ದು. ಪಿಕಪ್ ಹೊರಗಿಂದ ನೋಡಿದರೆ ಎರಡು ಕಾಯಿಲ್‌ನ ಹಂಬಕರ್ ಥರ ಕಾಣುತ್ತದೆ, ಒಳಗಿರುವುದು ಒಂದೇ ಕಾಯಿಲ್, ಅಂದರೆ ತಾಮ್ರದ ಎಳೆಯ ಒಂದೇ ಸುರುಳಿ. ಅದಕ್ಕೇ ಒರಟಾದ, ಮುಂದೆ ನುಗ್ಗುವ ಧ್ವನಿ ಬರುತ್ತದೆ. ಶಿಕಾಗೊದ ಬ್ಲೂಸ್ ವಾದಕ ಜೆ.ಬಿ. ಹಟ್ಟೊ ಇದನ್ನು ನುಡಿಸಿದರು. ದಶಕಗಳ ನಂತರ ವೈಟ್ ಸ್ಟ್ರೈಪ್ಸ್ ತಂಡದ ಜ್ಯಾಕ್ ವೈಟ್ ಕೆಂಪು ಏರ್‌ಲೈನ್ ಹಿಡಿದು ಬಂದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ವ್ಯಾಲ್ಕೋ 1967ರಲ್ಲಿ ಕೇ ಎಂಬ ಇನ್ನೊಂದು ಶಿಕಾಗೊ ಕಂಪನಿಯನ್ನು ಕೊಂಡಿತು. 1968ಕ್ಕೆ ಎರಡೂ ಒಟ್ಟಿಗೆ ಮುಳುಗಿದವು.

ಈಗ ಏರ್‌ಲೈನ್ ಹೆಸರಲ್ಲೇ, ಅದೇ ಆಕಾರದಲ್ಲಿ ಹೊಸ ಗಿಟಾರ್ ಸಿಗುತ್ತವೆ. ನುಡಿಸಲು ಹಳೆಯದಕ್ಕಿಂತ ಸುಲಭ. ಆದರೆ ಬಾಡಿ ಮರದ್ದು, ಪಿಕಪ್ ಬೇರೆ. ನೋಟ ಬೇಕಾದವರು ಧಾರಾಳವಾಗಿ ತಗೊಳ್ಳಿ. ಆ ಹಳೇ ನಾದವನ್ನು ಅದರಿಂದ ನಿರೀಕ್ಷಿಸಬೇಡಿ.

ಯುರೋಪಿನಲ್ಲಿ ಅಕಾರ್ಡಿಯನ್ ಕಾರ್ಖಾನೆಗಳು ಗಿಟಾರ್ ಕಡೆಗೆ ತಿರುಗಿದವು. ಇಟಲಿಯ ರೆಕನಾಟಿಯ ಇಕೊ, ಸ್ವೀಡನ್ನಿನ ಎಲ್ವ್‌ಡಾಲೆನ್‌ನ ಹ್ಯಾಗ್‌ಸ್ಟ್ರಾಮ್ ಎರಡೂ ಹಾಗೆ ಬಂದವೇ. ಅವರ ಬಳಿ ಮಿನುಗುವ, ಮುತ್ತಿನ ಹೊಳಪಿನ ಪ್ಲಾಸ್ಟಿಕ್ ಹಾಳೆ ರಾಶಿ ಇತ್ತು, ಅಕಾರ್ಡಿಯನ್‌ಗೆ ಹೊದಿಸುವ ಹಾಳೆ. ಅದನ್ನೇ ಗಿಟಾರ್‌ಗೂ ಹೊದಿಸಿದರು. ಅಕಾರ್ಡಿಯನ್‌ನಲ್ಲಿ ಸ್ವರದ ಬಣ್ಣ ಬದಲಿಸಲು ಗುಂಡಿಗಳ ಸಾಲು ಇರುತ್ತದಲ್ವಾ? ಅದೇ ಯೋಚನೆ ಗಿಟಾರ್ ಮೇಲೂ ಬಂತು. ಇಕೊ ಗಿಟಾರ್‌ಗಳ ಮೇಲೆ ಸಾಲಾಗಿ ಒತ್ತುವ ಗುಂಡಿ ಕಂಡರೆ ಅದರ ಮೂಲ ಅಲ್ಲಿದೆ. ವೇದಿಕೆಯ ಮೇಲೆ, ಕತ್ತಲಲ್ಲಿ ಯಾವ ಗುಂಡಿ ಯಾವುದಕ್ಕೆ ಅಂತ ಹುಡುಕುವುದು ನಿಜಕ್ಕೂ ಕಷ್ಟ. ಆದರೆ ಮನೆಯಲ್ಲಿ, ರೆಕಾರ್ಡಿಂಗ್‌ನಲ್ಲಿ ಒಂದೊಂದು ಗುಂಡಿಯೂ ಒಂದೊಂದು ಬಾಗಿಲು ತೆರೆಯುತ್ತದೆ.

ಹ್ಯಾಗ್‌ಸ್ಟ್ರಾಮ್ ಬಗ್ಗೆ ನನಗೆ ವಿಶೇಷ ಅಭಿಮಾನ. ಈ ಇಡೀ ಗುಂಪಿನಲ್ಲಿ ಸುಮ್ನೆ ಕೈಗೆತ್ತಿಕೊಂಡು ಕೂಡಲೇ ಸುಖವಾಗಿ ನುಡಿಸಬಹುದಾದ ಗಿಟಾರ್ ಯಾವುದು ಎಂದರೆ ಅದನ್ನೇ ಹೇಳುತ್ತೇನೆ. ನೆಕ್ ಒಳಗೆ ಅವರು ಹಾಕುತ್ತಿದ್ದದ್ದು ಮಾಮೂಲಿ ದುಂಡನೆ ಸರಳಲ್ಲ, ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಲೋಹದ ಪಟ್ಟಿ. ಅದರ ಬಲದಿಂದ ನೆಕ್ ತೀರಾ ತೆಳ್ಳಗೆ ಮಾಡಲು ಆಗುತ್ತಿತ್ತು, ಆದರೂ ಬಾಗುತ್ತಿರಲಿಲ್ಲ. ಅರವತ್ತು ವರ್ಷದ ಹಳೇ ಹ್ಯಾಗ್‌ಸ್ಟ್ರಾಮ್ ನೆಕ್ ಇವತ್ತಿಗೂ ನೆಟ್ಟಗಿರುವುದು ಅಪರೂಪವೇನಲ್ಲ. ಅವರ ತಯಾರಿಕೆ 1983ಕ್ಕೆ ನಿಂತಿತು. ಈಗ ಅದೇ ಹೆಸರಲ್ಲಿ ಹೊಸವು ಬರುತ್ತವೆ.

ಬ್ರಿಟನ್ನಿನ ಜಿಮ್ ಬರ್ನ್ಸ್, ಕ್ಯಾಲಿಫೋರ್ನಿಯಾದ ಮೋಸ್‌ರೈಟ್, ಜೆಕೊಸ್ಲೊವಾಕಿಯಾದಲ್ಲಿ ತಯಾರಾಗಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೈಗೆ ಬಂದ ಫ್ಯೂಚರಾಮಾ, ಹೀಗೆ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಮೋಸ್‌ರೈಟ್ ಬಗ್ಗೆ ಒಂದೇ ಎಚ್ಚರಿಕೆ. ಅದರ ನೆಕ್ ತುಂಬಾ ಸಣ್ಣದು, ಫ್ರೆಟ್‌ಗಳು ತುಂಬಾ ತಗ್ಗು. ರಮೋನ್ಸ್ ತಂಡದ ಜಾನಿ ರಮೋನ್ ಥರ ಬಿಡದೆ ಕಾರ್ಡ್ ಬಾರಿಸುವವರಿಗೆ ಅದು ಹಬ್ಬ. ತಂತಿ ಎಳೆದು ಬ್ಲೂಸ್ ನುಡಿಸುವವರಿಗೆ ಬೇಜಾರಾಗುತ್ತದೆ.

ದೊಡ್ಡ ಕಂಪನಿಗಳಲ್ಲೂ ಮೂಲೆಗೆ ಬಿದ್ದ ಮಾದರಿಗಳು ಇದ್ದವು. ಫೆಂಡರ್ 1958ರಲ್ಲಿ ಜಾಝ್ ವಾದಕರಿಗಾಗಿ ಜಾಝ್‌ಮಾಸ್ಟರ್ ತಂದಿತು. ಜಾಝ್ ವಾದಕರು ಅದರ ಕಡೆ ಹೆಚ್ಚು ತಲೆ ಹಾಕಲಿಲ್ಲ. 1980ಕ್ಕೆ ತಯಾರಿಕೆಯೇ ನಿಂತಿತು. ಆಮೇಲೆ ಹಳೇ ಜಾಝ್‌ಮಾಸ್ಟರ್‌ಗಳು ಕಡಿಮೆ ಬೆಲೆಗೆ ಸಿಗತೊಡಗಿದವು. ದುಡ್ಡಿಲ್ಲದ ಹುಡುಗರು ಕೊಂಡರು. ಸಾನಿಕ್ ಯೂತ್, ಡೈನೋಸಾರ್ ಜೂನಿಯರ್‌ನಂಥ ತಂಡಗಳ ಸದ್ದು ಅದರಿಂದಲೇ ಹುಟ್ಟಿತು. ಇನ್ನು 1969ರ ಫೆಂಡರ್ ಮ್ಯಾವರಿಕ್ ಇದೆ. ಮಾರಾಟವಾಗದೆ ಉಳಿದ 12 ತಂತಿಯ ಗಿಟಾರ್‌ಗಳ ಭಾಗಗಳನ್ನು ಕೊರೆದು ಆರು ತಂತಿಗೆ ಹೊಂದಿಸಿ ಮಾರಿದ್ದು ಅದು. ಗಿಲ್ಡ್ ಕಂಪನಿಯ ಎಸ್-200 ಥಂಡರ್‌ಬರ್ಡ್‌ನ ಬೆನ್ನಲ್ಲಿ ಮಡಚುವ ಸ್ಟ್ಯಾಂಡ್ ಇತ್ತು, ಎಳೆದರೆ ಗಿಟಾರ್ ತಾನೇ ನಿಲ್ಲುತ್ತಿತ್ತು. ಮಡ್ಡಿ ವಾಟರ್ಸ್ ಅಂಥವರು ಅದನ್ನು ನುಡಿಸಿದ್ದಾರೆ.

ಈಗ ನಿಮ್ಮ ಗಿಟಾರ್‌ಗೆ ಬರೋಣ. ಟೀಸ್ಕೋ ಶುರುವಾದದ್ದು 1946ರಲ್ಲಿ, ಟೋಕಿಯೊದಲ್ಲಿ. ಅಟ್ಸುವೊ ಕನೆಕೊ ಗಿಟಾರ್ ವಾದಕರು, ಡೊರ್ಯು ಮಾಟ್ಸುಡಾ ಎಲೆಕ್ಟ್ರಿಕಲ್ ಎಂಜಿನಿಯರ್. ಇಬ್ಬರೂ ಸೇರಿ ಕಟ್ಟಿದ ಕಂಪನಿ. 'ಡೆಲ್ ರೇ' ಅನ್ನುವುದು ಅಮೆರಿಕದ ಮಾರುಕಟ್ಟೆಗಾಗಿ ಸೇರಿಸಿದ ಹೆಸರು. 1967ರಲ್ಲಿ ಕವಾಯ್ ಕಂಪನಿ ಇದನ್ನು ಕೊಂಡಿತು. ಇದೇ ಕಾರ್ಖಾನೆಯ ಗಿಟಾರ್‌ಗಳು ಕಿಂಗ್‌ಸ್ಟನ್, ಸಿಲ್ವರ್‌ಟೋನ್ ಮುಂತಾದ ಬೇರೆ ಹೆಸರುಗಳಲ್ಲೂ ಸಿಗುತ್ತವೆ. ಹಾಗಾಗಿ ಈ ಕಾಲದ ಗಿಟಾರ್‌ನಲ್ಲಿ ತಲೆಯ ಮೇಲಿನ ಹೆಸರು ಯಾರು ಮಾರಿದರು ಅನ್ನುವುದನ್ನು ಹೇಳುತ್ತದೆ. ಯಾರು ಮಾಡಿದರು ಅನ್ನುವುದನ್ನು ತಿಳಿಯಲು ಪಿಕಪ್, ಬ್ರಿಡ್ಜ್, ಬಿರಡೆ ನೋಡಬೇಕು.

ನೀವು ಹೇಳಿದ ಚಿನ್ನದ ಹಾಳೆಯ ಪಿಕಪ್‌ಗೆ ಗೋಲ್ಡ್ ಫಾಯಿಲ್ ಅನ್ನುತ್ತಾರೆ. ಹಾಳೆ ಬರೀ ಅಲಂಕಾರ, ನಾದಕ್ಕೂ ಅದಕ್ಕೂ ಸಂಬಂಧ ಇಲ್ಲ. ಗುಟ್ಟು ಇರುವುದು ಅದರ ಕೆಳಗೆ. ಚಪ್ಪಟೆಯಾದ ಅಗಲ ಕಾಯಿಲ್, ಹೆಚ್ಚು ಬಲವಿಲ್ಲದ ಅಯಸ್ಕಾಂತ. ಅಯಸ್ಕಾಂತ ಬಲವಾಗಿದ್ದರೆ ಅದು ತಂತಿಯನ್ನೇ ತನ್ನ ಕಡೆ ಎಳೆಯುತ್ತದೆ, ತಂತಿಯ ಓಲಾಟಕ್ಕೆ ಅಡ್ಡಿಯಾಗುತ್ತದೆ. ಇದರಲ್ಲಿ ಆ ಎಳೆತ ಕಡಿಮೆ. ಜೊತೆಗೆ ಕಾಯಿಲ್‌ಗೆ ಮೇಣ ತುಂಬಿಲ್ಲ. ಹಾಗಾಗಿ ಪಿಕಪ್ ಸ್ವಲ್ಪ ಮಟ್ಟಿಗೆ ಮೈಕ್‌ನ ಕೆಲಸವನ್ನೂ ಮಾಡುತ್ತದೆ. ಪಿಕ್ ತಂತಿಗೆ ತಾಗುವ ಸದ್ದು, ಬಾಡಿಯ ನಡುಕ, ಬೆರಳು ಜಾರುವ ಸದ್ದು ಎಲ್ಲವೂ ಸೂಕ್ಷ್ಮವಾಗಿ ಒಳಗೆ ಬರುತ್ತವೆ. ನಿಮ್ಮ ಈಗಿನ ಗಿಟಾರ್‌ನಲ್ಲಿ ಸಿಗದೇ ಇದ್ದದ್ದು ಇದೇ ಇರಬೇಕು.

ರೈ ಕೂಡರ್ ಹೆಸರು ಕೇಳಿರಬಹುದು. ಸ್ಲೈಡ್ ವಾದನದಲ್ಲಿ, ಅಂದರೆ ತಂತಿಯ ಮೇಲೆ ಗಾಜಿನ ಅಥವಾ ಲೋಹದ ಕೊಳವೆ ಜಾರಿಸಿ ನುಡಿಸುವುದರಲ್ಲಿ, ದೊಡ್ಡ ಹೆಸರು. ಅವರು ತಮ್ಮ ಸ್ಟ್ರಾಟೊಕ್ಯಾಸ್ಟರ್‌ನ ನೆಕ್ ಪಕ್ಕದ ಪಿಕಪ್ ತೆಗೆದು ಟೀಸ್ಕೋ ಗೋಲ್ಡ್ ಫಾಯಿಲ್ ಹಾಕಿಕೊಂಡರು. ಬ್ರಿಡ್ಜ್ ಕಡೆಗೆ ವ್ಯಾಲ್ಕೋದ ಸ್ಟೀಲ್ ಗಿಟಾರ್ ಪಿಕಪ್. ಅದು ಹೆಸರಾದ ಮೇಲೆ ಎಷ್ಟೋ ಜನ ಟೀಸ್ಕೋ ಗಿಟಾರ್‌ಗಳನ್ನು ಕೊಂಡು, ಪಿಕಪ್ ಕಿತ್ತುಕೊಂಡು, ಉಳಿದದ್ದನ್ನು ಎಸೆದರು. ನನಗೆ ಇದು ನಿಜವಾಗಿ ನೋವಿನ ವಿಷಯ. ನಿಮ್ಮದು ಅಂಥ ಕೈಗಳಿಂದ ತಪ್ಪಿಸಿಕೊಂಡು ಪೂರ್ತಿಯಾಗಿ ಉಳಿದ ಗಿಟಾರ್. ಗೋಲ್ಡ್ ಫಾಯಿಲ್ ಹೆಸರಲ್ಲಿ ಈಗ ಹೊಸ ಪಿಕಪ್‌ಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವು ನಿಜಕ್ಕೂ ಹಳೇ ಥರವೇ ಮಾಡಿದವು. ಇನ್ನು ಕೆಲವು ಮಾಮೂಲಿ ಪಿಕಪ್‌ಗೆ ಚಿನ್ನದ ಮುಚ್ಚಳ ಹಾಕಿದವು. ಇದ್ದದ್ದನ್ನು ತೆಗೆದು ಅಂಥದ್ದನ್ನು ಹಾಕಿಸಿದರೆ ಏನೂ ಸಿಗುವುದಿಲ್ಲ.

ಮೂರನೇ ತಂತಿಯ ತೊಂದರೆಗೆ ಬರುತ್ತೇನೆ. ಇದು ಆ ಕಾಲದ ಅಗ್ಗದ ಗಿಟಾರ್‌ಗಳಲ್ಲಿ ತುಂಬಾ ಸಾಮಾನ್ಯ. ಗಿಟಾರ್ ಕೆಟ್ಟಿದೆ ಎಂದು ಜನ ತಪ್ಪು ತಿಳಿಯುವುದೂ ಇದರಿಂದಲೇ ಜಾಸ್ತಿ. 1960ರ ದಶಕದಲ್ಲಿ ಮಾಮೂಲಿ ತಂತಿ ಸೆಟ್‌ನಲ್ಲಿ ಮೂರನೇ ತಂತಿ ಸುತ್ತಿದ ತಂತಿಯಾಗಿರುತ್ತಿತ್ತು. ಅಂದರೆ ತೆಳ್ಳನೆ ಒಳ ತಂತಿಯ ಸುತ್ತ ಇನ್ನೊಂದು ಎಳೆ ಬಿಗಿದದ್ದು. ಈಗಿನ ಸೆಟ್‌ಗಳಲ್ಲಿ ಅದು ಬೋಳು ತಂತಿ. ಬೋಳು ತಂತಿ ದಪ್ಪ ಇದ್ದಷ್ಟೂ ಗಡುಸು. ಫ್ರೆಟ್ ಮೇಲೆ ಒತ್ತಿದಾಗ ಅದರ ಸ್ವರ ಜಾಸ್ತಿ ಏರುತ್ತದೆ. ಅದನ್ನು ಸರಿದೂಗಿಸಲು ಬ್ರಿಡ್ಜ್‌ನ ಮೇಲೆ ಆ ತಂತಿ ಕೂರುವ ಜಾಗ ಸ್ವಲ್ಪ ಹಿಂದೆ ಇರಬೇಕು. ಹಳೇ ಬ್ರಿಡ್ಜ್‌ಗಳಲ್ಲಿ ಎಲ್ಲ ತಂತಿಗೂ ಸೇರಿ ಒಂದೇ ತುಂಡು, ಮೆಟ್ಟಿಲು ಮೆಟ್ಟಿಲಾಗಿ ಕೊರೆದದ್ದು. ಅದನ್ನು ಕೊರೆದಿರುವುದು ಸುತ್ತಿದ ತಂತಿಯ ಲೆಕ್ಕಕ್ಕೆ. ಅದರ ಮೇಲೆ ಬೋಳು ತಂತಿ ಹಾಕಿದರೆ ಮೇಲೆ ಹೋದಂತೆ ಶ್ರುತಿ ಏರಲೇಬೇಕು.

ಮದ್ದು ಸುಲಭ. ಮೂರನೇ ತಂತಿ ಸುತ್ತಿದ್ದಾಗಿರುವ 11ರ ಸೆಟ್ (ಅತಿ ತೆಳ್ಳನೆ ತಂತಿ 0.011 ಇಂಚು ದಪ್ಪ ಇರುವುದು) ಕೇಳಿ ತಗೊಳ್ಳಿ. ಹಾಕಿದ ಮೇಲೆ ಹೀಗೆ ಪರೀಕ್ಷಿಸಿ. 12ನೇ ಫ್ರೆಟ್ ಮೇಲೆ ಬೆರಳು ಸುಮ್ನೆ ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ಇರಬೇಕು. ಒತ್ತಿದಾಗ ಏರಿದರೆ ಬ್ರಿಡ್ಜ್ ಸ್ವಲ್ಪ ಹಿಂದೆ ಹೋಗಬೇಕು, ಇಳಿದರೆ ಮುಂದೆ ಬರಬೇಕು. ಬ್ರಿಡ್ಜ್ ತಿರುಪಿಲ್ಲದೆ ತಂತಿಯ ಒತ್ತಡದಿಂದಲೇ ನಿಂತಿದ್ದರೆ ಕೈಯಿಂದಲೇ ಸರಿಸಬಹುದು. ಸರಿಯಾದ ಜಾಗ ಸಿಕ್ಕ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ. ಒಂದು ಹೊಡೆತಕ್ಕೆ ಅದು ಜರುಗುತ್ತದೆ. ಅದೇ ಕಾರಣಕ್ಕೆ ಇಂಥ ಗಿಟಾರ್‌ನಲ್ಲಿ ತಂತಿಗಳನ್ನು ಒಮ್ಮೆಲೇ ಎಲ್ಲ ಬಿಚ್ಚಬಾರದು, ಒಂದೊಂದಾಗಿ ಬದಲಾಯಿಸಬೇಕು.

ಕಿರುಚಾಟಕ್ಕೆ ಕಾರಣ ಆಗಲೇ ಹೇಳಿದೆ, ಮೇಣ ತುಂಬದ ಕಾಯಿಲ್. ಖಚಿತ ಮಾಡಿಕೊಳ್ಳಲು ಅಂಗೈಯಿಂದ ಆರೂ ತಂತಿಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಆಗ ಕಿರುಚುವುದು ನಿಂತರೆ ಅದು ತಂತಿಯಿಂದ ಬರುವ ಫೀಡ್‌ಬ್ಯಾಕ್, ಅಂದರೆ ಆಂಪ್‌ನ ಸದ್ದೇ ತಂತಿಯನ್ನು ಮತ್ತೆ ಮತ್ತೆ ನಡುಗಿಸುವುದು. ನಿಲ್ಲದೇ ಹೋದರೆ ಪಿಕಪ್‌ನದು. ಪಿಕಪ್‌ನದೇ ಆದರೂ ಗಾಬರಿ ಬೇಡ. ಮೊದಲು ಮುಚ್ಚಳ ಸಡಿಲ ಇದೆಯಾ ನೋಡಿ. ಎಷ್ಟೋ ಸಲ ನಡುಗುವುದು ಮುಚ್ಚಳವೇ. ತಿರುಪು ಬಿಗಿ ಮಾಡಿದರೆ, ಪಿಕಪ್ ಕೆಳಗೆ ಮೆತ್ತನೆ ಸ್ಪಂಜಿನ ತುಂಡು ಇಟ್ಟರೆ ಬಹಳಷ್ಟು ಕಡಿಮೆಯಾಗುತ್ತದೆ. ಆಂಪ್‌ನಿಂದ ಎರಡು ಹೆಜ್ಜೆ ದೂರ, ಸ್ವಲ್ಪ ಓರೆಯಾಗಿ ನಿಂತು ನೋಡಿ.

ಬಿಸಿ ಮೇಣದಲ್ಲಿ ಪಿಕಪ್ ಅದ್ದಿಸುವುದು ಕೊನೇ ದಾರಿ. ಮೇಣ ಹೊಕ್ಕರೆ ಕಿರುಚುವುದು ನಿಲ್ಲುತ್ತದೆ, ಆದರೆ ಆ ಮೈಕ್‌ನಂಥ ಸೂಕ್ಷ್ಮತೆಯೂ ಒಂದಷ್ಟು ಹೋಗುತ್ತದೆ. ಹಳೇ ಪ್ಲಾಸ್ಟಿಕ್ ಭಾಗಗಳು ಬಿಸಿಗೆ ಸೊಟ್ಟಗಾಗುವ ಅಪಾಯವೂ ಇದೆ. ನೀವು ಭಾರೀ ಡಿಸ್ಟಾರ್ಶನ್ (ಧ್ವನಿಯನ್ನು ಬೇಕೆಂದೇ ಒಡೆದು ಒರಟಾಗಿಸುವುದು) ಹಾಕಿ, ಜೋರು ವೇದಿಕೆಯಲ್ಲಿ ನುಡಿಸುವವರಾದರೆ ಈ ಗಿಟಾರ್ ನಿಮಗೆ ಹೊಂದುವುದಿಲ್ಲ. ಅದನ್ನು ಬದಲಾಯಿಸಿ ಹೊಂದಿಸಲು ಹೋಗಬೇಡಿ. ಶುದ್ಧ ಧ್ವನಿ, ಸಣ್ಣ ಆಂಪ್ ಸ್ವಲ್ಪವೇ ಒಡೆಯುವ ಧ್ವನಿ, ಸ್ಲೈಡ್, ಇವು ಇದರ ಮನೆ. ಶಿಕಾಗೊದ ಹೌಂಡ್ ಡಾಗ್ ಟೇಲರ್ ಇಂಥದ್ದೇ ಅಗ್ಗದ ಜಪಾನಿ ಗಿಟಾರ್‌ನಲ್ಲಿ ಸ್ಲೈಡ್ ನುಡಿಸಿ ಹೆಸರು ಮಾಡಿದವರು. ಅವರ ಸಂಗೀತವನ್ನು ಹೊರತರಬೇಕೆಂದೇ 1971ರಲ್ಲಿ ಆಲಿಗೇಟರ್ ರೆಕಾರ್ಡ್ಸ್ ಕಂಪನಿ ಹುಟ್ಟಿಕೊಂಡಿತು.

ಇನ್ನು ಎತ್ತರದ ತಂತಿ. ಗಿಟಾರ್ ಮತ್ತೆ ನೋಡಲು ಹೋದಾಗ ಈ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ತಂತಿಗಳನ್ನು ಸರಿಯಾದ ಶ್ರುತಿಗೆ ತನ್ನಿ. ಆರನೇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ಬಾಡಿಯನ್ನು ಸೇರುವ ಜಾಗದ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ. ಈಗ ಆ ತಂತಿಯೇ ನಿಮಗೆ ಅಳತೆಪಟ್ಟಿ. ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಮಧ್ಯೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ಹಿಡಿಸುವಷ್ಟು, ಅಂದರೆ ಕಾಲು ಮಿಲಿಮೀಟರ್ ಸುತ್ತಮುತ್ತ ಇದ್ದರೆ ನೆಕ್ ಚೆನ್ನಾಗಿದೆ. ಒಂದು ಮಿಲಿಮೀಟರ್ ದಾಟಿದರೆ ನೆಕ್ ಬಾಗಿದೆ.

ನೆಕ್ ಚೆನ್ನಾಗಿದ್ದೂ ತಂತಿ ಎತ್ತರ ಇದ್ದರೆ ಸಂತೋಷಪಡಿ. ಅದು ನೆಕ್ ಕೂತಿರುವ ಕೋನದ ತೊಂದರೆ ಅಷ್ಟೇ. ಇವು ತಿರುಪಿನಿಂದ ಕೂರಿಸಿದ ನೆಕ್‌ಗಳು. ಬಿಚ್ಚಿ, ಬಾಡಿಯ ಗುಳಿಯಲ್ಲಿ ಬ್ರಿಡ್ಜ್ ಕಡೆಯ ತುದಿಗೆ ಅರ್ಧ ಮಿಲಿಮೀಟರ್ ದಪ್ಪದ ಮರದ ಚೂರು ಇಟ್ಟು ಮತ್ತೆ ಬಿಗಿದರೆ ನೆಕ್‌ನ ತಲೆ ಸ್ವಲ್ಪ ಹಿಂದಕ್ಕೆ ವಾಲುತ್ತದೆ, ತಂತಿ ಕೆಳಗಿಳಿಯುತ್ತದೆ. ದೊಡ್ಡ ಕಂಪನಿಗಳ ಗಿಟಾರ್‌ಗಳಿಗೂ ಮಾಡುವ ಮಾಮೂಲಿ ಕೆಲಸ ಇದು.

ನೆಕ್ ಬಾಗಿದ್ದರೆ ಟ್ರಸ್ ರಾಡ್, ಅಂದರೆ ಬಾಗು ಸರಿಪಡಿಸಲು ನೆಕ್ ಒಳಗೆ ಹಾಕುವ ಲೋಹದ ಸರಳು, ಇದೆಯಾ ನೋಡಿ. ತಲೆಯ ಹತ್ತಿರ ಸಣ್ಣ ಮುಚ್ಚಳದ ಕೆಳಗೆ ಇರಬಹುದು, ನೆಕ್‌ನ ಬಾಡಿ ಕಡೆಯ ತುದಿಯಲ್ಲೂ ಇರಬಹುದು. ಇದ್ದರೆ ಕಾಲು ಸುತ್ತು ಮಾತ್ರ ತಿರುಗಿಸಿ ನೋಡಿ. ಜಾಮ್ ಆಗಿದ್ದರೆ ಬಲ ಹಾಕಬೇಡಿ, ಮುರಿಯುತ್ತದೆ. ಈ ಕಾಲದ ಬಹಳಷ್ಟು ಗಿಟಾರ್‌ಗಳಲ್ಲಿ ತಿರುಗಿ ಸರಿಪಡಿಸುವ ರಾಡ್ ಇರುವುದೇ ಇಲ್ಲ. ಹಾರ್ಮನಿಯಂಥ ಅಮೆರಿಕನ್ ಗಿಟಾರ್‌ಗಳ ಮೇಲೆ 'ಉಕ್ಕಿನಿಂದ ಬಲಪಡಿಸಿದ ನೆಕ್' ಎಂದು ಹೆಮ್ಮೆಯಿಂದ ಅಚ್ಚು ಹಾಕಿರುತ್ತಾರೆ. ಕೇಳಲು ಚೆಂದ. ಅದರ ಅರ್ಥ ಮಾತ್ರ ಒಳಗೆ ಉಕ್ಕಿನ ಪಟ್ಟಿ ಇದೆ, ಅದನ್ನು ತಿರುಗಿಸಲು ಆಗುವುದಿಲ್ಲ ಎಂದು. ಅಂಥ ನೆಕ್ ಬಾಗಿದರೆ ಬಿಸಿ ಮಾಡಿ ಒತ್ತುವುದು, ಇಲ್ಲವೇ ಫ್ರೆಟ್ ಎಲ್ಲ ಕಿತ್ತು ಹಲಗೆ ಸಮ ಮಾಡಿ ಮತ್ತೆ ಹಾಕುವುದು, ಎರಡೇ ದಾರಿ. ಆ ಖರ್ಚು ಗಿಟಾರ್ ಬೆಲೆಯನ್ನೇ ಮೀರಬಹುದು. ಹಾಗಿದ್ದರೆ ಬಿಟ್ಟು ಬನ್ನಿ, ಅದೆಷ್ಟೇ ಇಷ್ಟವಾಗಿದ್ದರೂ.

ಸ್ವಿಚ್, ನಾಬ್ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಹೆದರಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ಆಡಿಸಿದರೆ ಬಹುಪಾಲು ಹೋಗುತ್ತದೆ. ಬಿರಡೆಗಳು ಬಿಗಿಯಾಗಿದ್ದರೆ ಒಂದು ಹನಿ ಎಣ್ಣೆ. ತೀರಾ ಸವೆದಿದ್ದರೆ ಮಾತ್ರ, ಹೊಸ ತೂತು ಕೊರೆಯದೆ ಕೂರುವಂಥವನ್ನು ಹುಡುಕಿ ಹಾಕಿ. ತೆಗೆದ ಹಳೇ ಭಾಗವನ್ನು ಎಸೆಯಬೇಡಿ. ಪಿಕ್‌ಗಾರ್ಡ್ ಪುಡಿಪುಡಿಯಾಗುತ್ತಿದ್ದರೆ, ಅದರ ಸುತ್ತಲಿನ ತಿರುಪುಗಳಿಗೆ ಹಸಿರು ತುಕ್ಕು ಹಿಡಿದಿದ್ದರೆ ಅದು ಸೆಲ್ಯುಲಾಯ್ಡ್ ಆಗಿರಬಹುದು. ಹಳೇ ಸೆಲ್ಯುಲಾಯ್ಡ್ ಕೆಡುವಾಗ ಹೊರಬಿಡುವ ಆಮ್ಲದ ಗಾಳಿ ಹತ್ತಿರದ ಲೋಹವನ್ನೆಲ್ಲ ತಿನ್ನುತ್ತದೆ. ಅದನ್ನು ತೆಗೆದು ಬೇರೆ ಕಡೆ, ಗಾಳಿಯಾಡುವ ಜಾಗದಲ್ಲಿ ಇಡಬೇಕು.

ಇದು ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲಾರೆ. ಗಿಟಾರ್ ಜೊತೆಗೆ ಅದೇ ಕಾಲದ ಸಣ್ಣ ವಾಲ್ವ್ ಆಂಪ್ ಕೊಡುತ್ತೇವೆ ಅಂದರೆ ಪ್ಲಗ್ ಹಾಕುವ ಮುಂಚೆ ಬಲ್ಲವರಿಗೆ ತೋರಿಸಿ. ಆಗಿನ ಕೆಲವು ಅಗ್ಗದ ಆಂಪ್‌ಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇರುತ್ತಿರಲಿಲ್ಲ. ಗೋಡೆಯ ಕರೆಂಟ್ ನೇರವಾಗಿ ಒಳಗಿನ ಲೋಹದ ಪೆಟ್ಟಿಗೆಗೆ ತಾಗುವ ಸಾಧ್ಯತೆ ಇರುತ್ತದೆ. ಅಲ್ಲಿಂದ ಕೇಬಲ್ ಮೂಲಕ ಗಿಟಾರ್ ತಂತಿಗೆ, ತಂತಿಯಿಂದ ನಿಮ್ಮ ಕೈಗೆ. ಇದು ಜೀವಕ್ಕೇ ಅಪಾಯ. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿಸಿ, ಅರ್ಥಿಂಗ್ ಇರುವ ಮೂರು ಪಿನ್ನಿನ ವೈರ್ ಹಾಕಿಸಿದ ಮೇಲೆ ಮಾತ್ರ ಬಳಸಿ.

ಹಾಗಾದರೆ ತಗೊಳ್ಳಬಹುದಾ? ನೆಕ್ ಪರೀಕ್ಷೆಯಲ್ಲಿ ಪಾಸಾದರೆ, ಎರಡೂ ಪಿಕಪ್ ಕೆಲಸ ಮಾಡುತ್ತಿದ್ದರೆ, ನೀವು ನುಡಿಸುವ ಸಂಗೀತಕ್ಕೆ ಭಾರೀ ಡಿಸ್ಟಾರ್ಶನ್ ಬೇಡ ಅನ್ನುವುದಾದರೆ, ಖಂಡಿತ ತಗೊಳ್ಳಿ. ಇದೊಂದೇ ಗಿಟಾರ್ ಇಟ್ಟುಕೊಂಡು ಎಲ್ಲವನ್ನೂ ನುಡಿಸುತ್ತೇನೆ ಅಂದರೆ ಬೇಡ. ಈಗಿರುವ ಗಿಟಾರ್ ಜೊತೆಗೆ ಇದೂ ಇರಲಿ. ಮುಂದೆ ಬೆಲೆ ಏರುತ್ತದೆ ಅನ್ನುವ ಆಸೆಗೂ ಕೊಳ್ಳಬೇಡಿ. ಈ ಥರದ ಗಿಟಾರ್‌ಗಳ ಬೆಲೆ ಯಾವ ಕಲಾವಿದರು ಯಾವುದನ್ನು ಹಿಡಿದರು ಅನ್ನುವುದರ ಮೇಲೆ ಏರುತ್ತಾ ಇಳಿಯುತ್ತಾ ಇರುತ್ತದೆ.

ಮನೆಗೆ ತಂದ ಮೇಲೆ ಮೊದಲ ಕೆಲಸ ಆ ಸುತ್ತಿದ ಮೂರನೇ ತಂತಿಯ ಸೆಟ್. ಈಗ ಅದರಲ್ಲಿರುವುದು 9ರ ಅಥವಾ 10ರ ತೆಳ್ಳನೆ ಸೆಟ್ ಇದ್ದರೆ 11ಕ್ಕೆ ಹೋದಾಗ ನೆಕ್ ಮೇಲೆ ಎಳೆತ ಹೆಚ್ಚುತ್ತದೆ. ಮರ ಅದಕ್ಕೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಹಾಗಾಗಿ ಒಂದು ವಾರ ಶ್ರುತಿಯಲ್ಲಿಟ್ಟು ನುಡಿಸುತ್ತಿರಿ, ಆಮೇಲೆ ನೆಕ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಬ್ರಿಡ್ಜ್ ಎತ್ತರ, ಬ್ರಿಡ್ಜ್ ಜಾಗ, ಬೇಕಾದರೆ ನೆಕ್ ಕೆಳಗಿನ ಮರದ ಚೂರು, ಇವೆಲ್ಲ ಅದಾದ ಮೇಲೆ.